ಆಳದ ಕಡೆಯಿಂದ ಸಮುದ್ರಕ್ಕೆ

ಜೂನ್ 18, 2024, ಮಂಗಳವಾರ
ಗಾಯೋಸ್, ಪಾಕ್ಸೋಸ್ ದ್ವೀಪ, ಗ್ರೀಸ್

ಬೆಳಿಗ್ಗೆ ಎಂಟೂವರೆಗೆ ಬಂದರಿನ ಕಟ್ಟೆಯ ಮೇಲೆ ನಿಂತು ಒಂದು ಕಾಗದಕ್ಕೆ ಸಹಿ ಹಾಕಿದೆ. ಸಂಜೆ ಆರರ ತನಕ ದೋಣಿ ನನ್ನ ಕೈಗೆ. ಐದು ಮೀಟರಿಗೆ ತುಸು ಕಡಿಮೆ ಉದ್ದದ ಬಿಳಿ ಫೈಬರ್ ದೋಣಿ, ಬಿಸಿಲಿಗೊಂದು ನೀಲಿ ಬಟ್ಟೆಯ ಚಪ್ಪರ, ಹಿಂದೆ 30 ಅಶ್ವಶಕ್ತಿಯ ಮೋಟರು. ಗ್ರೀಸಿನಲ್ಲಿ ಅಷ್ಟರವರೆಗಿನ ಬಾಡಿಗೆ ದೋಣಿಗೆ ಲೈಸೆನ್ಸ್ ಕೇಳುವುದಿಲ್ಲ. ಹದಿನೆಂಟು ತುಂಬಿರಬೇಕು, ಹೇಳಿಕೊಟ್ಟದ್ದನ್ನು ಕಲಿತುಕೊಳ್ಳಬೇಕು. ಬಾಡಿಗೆ 80 ಯೂರೋ, ಪೆಟ್ರೋಲ್ ಬೇರೆ.

ಮ್ಯೂನಿಕ್‌ನಿಂದ ಕೋರ್ಫುವಿಗೆ ವಿಮಾನ, ಅಲ್ಲಿಂದ ಹಡಗಿನಲ್ಲಿ ಈ ಪುಟ್ಟ ದ್ವೀಪ. ಇಷ್ಟು ದೂರ ಬಂದದ್ದು ಈ ಒಂದು ದಿನಕ್ಕಾಗಿ. ನನ್ನ ಗಂಡನಿಗೆ, ಅಂದರೆ ಇವರಿಗೆ, ಊಟ, ನಿದ್ದೆ, ಆಲಿವ್ ತೋಪಿನ ನೆರಳು ಸಿಕ್ಕರೆ ರಜೆ ಸಾರ್ಥಕ. ಮಗಳಿಗೆ ಐಸ್‌ಕ್ರೀಮು. ನನಗೆ ಮಾತ್ರ ದೋಣಿ ಬೇಕಿತ್ತು. ದಡದಿಂದಲ್ಲ, ದೋಣಿಯಿಂದ ಸಮುದ್ರಕ್ಕೆ ಇಳಿಯಬೇಕಿತ್ತು.

ನಾನು ಹೊನ್ನಾವರದವಳು. ಮಳೆಗಾಲದ ರಾತ್ರಿ ಮಲಗಿದರೆ ಕಡಲಿನ ಮೊರೆತ ಕೇಳುವಷ್ಟು ಹತ್ತಿರ ನಮ್ಮ ಮನೆ. ಆದರೂ ಹದಿನೆಂಟು ವರ್ಷ ಅಲ್ಲಿ ಬೆಳೆದವಳಿಗೆ ಮೊಣಕಾಲಿನ ಮೇಲೆ ಸಮುದ್ರದ ನೀರು ಹತ್ತಿದ್ದಿಲ್ಲ. ತಮ್ಮ ತೋಟದ ಕೆರೆಯಲ್ಲಿ ಈಜು ಕಲಿತ. ನನಗೆ ಯಾರೂ ಕಲಿಸಲಿಲ್ಲ, ಕಲಿಯಬೇಕು ಅಂತ ಕೇಳಿದ್ದಕ್ಕೆ ಅಪ್ಪಯ್ಯ ಉತ್ತರವನ್ನೂ ಕೊಡಲಿಲ್ಲ. ಹೆಣ್ಣುಮಕ್ಕಳು ಲಂಗ ಎತ್ತಿ ಹಿಡಿದು ತೆರೆಯ ಅಂಚಿನಲ್ಲಿ ನಿಲ್ಲುವುದು, ಒಂದು ದೊಡ್ಡ ತೆರೆ ಬಂದರೆ ಕೂಗುತ್ತಾ ಹಿಂದೆ ಓಡುವುದು. ಸಮುದ್ರ ಅಂದರೆ ಅಷ್ಟೇ. ಆಯಿಯ ಹೆದರಿಕೆಯೂ ಸುಳ್ಳಲ್ಲ. ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ಮರಳುದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ. ಹುಟ್ಟಿದಾಗಿನಿಂದ ಮೀನಿಗೆ ಹೋದವರ ಬೋಟೂ ಅಲ್ಲಿ ಮಗುಚಿದ್ದುಂಟು. ಅಂಥ ನೀರನ್ನು ನೋಡುತ್ತಾ ಬದುಕಿದವಳು ಮಗಳನ್ನು ಹೇಗೆ ಬಿಟ್ಟಾಳು?

ಈಜು ಕಲಿತದ್ದು ಮೂವತ್ತಾರನೆಯ ವಯಸ್ಸಿನಲ್ಲಿ, ಮ್ಯೂನಿಕ್‌ನ ಒಂದು ಈಜುಕೊಳದಲ್ಲಿ. ಜರ್ಮನಿಯಲ್ಲಿ ಮಕ್ಕಳು 25 ಮೀಟರ್ ಈಜಿ, ಅಂಚಿನಿಂದ ಹಾರಿ, ನೀರಿನ ತಳದಲ್ಲಿರುವ ಬಳೆಯೊಂದನ್ನು ಎತ್ತಿ ತಂದರೆ ಸಮುದ್ರಕುದುರೆಯ ಚಿತ್ರದ ಬಿಲ್ಲೆ ಕೊಡುತ್ತಾರೆ. ಈಜುಡುಪಿಗೆ ಹೊಲಿದುಕೊಳ್ಳುವಂಥದ್ದು. ಮಗಳು ಅದನ್ನು ಪಡೆದ ವರ್ಷವೇ ನಾನು ದೊಡ್ಡವರ ತರಗತಿಗೆ ಸೇರಿದೆ. ಆರು ವರ್ಷವಾಯಿತು. ಕೊಳದಲ್ಲಿ ಒಂದು ಕಿಲೋಮೀಟರ್ ಸಲೀಸು. ಆದರೆ ಸಮುದ್ರದ ಲೆಕ್ಕ ಹಾಗೇ ಬಾಕಿ ಇತ್ತು.

ದೋಣಿಯವರು ಅರುವತ್ತು ದಾಟಿದ ಹಿರಿಯರು. ಅರ್ಧ ಗಂಟೆ ನಿಧಾನವಾಗಿ ತೋರಿಸಿದರು. ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ತಿರುಪು ಬಿಚ್ಚಬೇಕು, ಇಲ್ಲದಿದ್ದರೆ ಸ್ವಲ್ಪ ದೂರ ಹೋಗಿ ಮೋಟರು ಉಸಿರು ಕಟ್ಟಿ ನಿಲ್ಲುತ್ತದೆ. ಪೆಟ್ರೋಲ್ ಪೈಪಿನ ನಡುವೆ ರಬ್ಬರಿನ ಉಂಡೆ, ಅದು ಗಟ್ಟಿಯಾಗುವ ತನಕ ಹಿಚುಕಬೇಕು. ಗೇರಿನ ಸನ್ನೆಕೋಲು ನಡುವೆ ಇದ್ದರೆ ಮಾತ್ರ ಸ್ಟಾರ್ಟ್. ಕೊನೆಗೆ ಸುರುಳಿ ಸುರುಳಿಯಾದ ಕೆಂಪು ದಾರವೊಂದನ್ನು ಹಿಡಿದು ನನ್ನ ಮಣಿಕಟ್ಟಿಗೆ ತಾವೇ ಸಿಕ್ಕಿಸಿದರು. ದೋಣಿ ನಡೆಸುವವಳು ಆಯ ತಪ್ಪಿ ಬಿದ್ದರೆ ದಾರ ಕಿತ್ತು ಬಂದು ಮೋಟರು ತಕ್ಷಣ ನಿಲ್ಲುತ್ತದೆ. ಇಲ್ಲದಿದ್ದರೆ ಖಾಲಿ ದೋಣಿ ನೀರಲ್ಲಿ ಬಿದ್ದವರ ಸುತ್ತಲೇ ತಿರುಗಬಹುದು. ಮಗಳಿಗೆ ಅವಳ ಅಳತೆಯ ಲೈಫ್ ಜಾಕೆಟ್ ಹುಡುಕಿ ತಂದರು. ಕರಾವಳಿ ಕಾವಲಿನ ನಂಬರು 108 ಅಂತ ಫೋನಿನಲ್ಲಿ ನಾನೇ ಬರೆದುಕೊಳ್ಳುವ ತನಕ ಬಿಡಲಿಲ್ಲ.

ಆಮೇಲೆ ನಕ್ಷೆ. ದ್ವೀಪದ ಪೂರ್ವ ಮಗ್ಗುಲು ಸೌಮ್ಯ, ಸಣ್ಣ ಸಣ್ಣ ಕೊಲ್ಲಿಗಳು, ನೀರಿನ ಅಂಚಿನ ತನಕ ಆಲಿವ್ ಮರ. ಪಶ್ಚಿಮ ಮಗ್ಗುಲಿನಲ್ಲಿ ಬಿಳಿ ಸುಣ್ಣಕಲ್ಲಿನ ಕಡಿದಾದ ಬಂಡೆ, ಗುಹೆಗಳು. ಅಲ್ಲಿಗೆ ಇವತ್ತು ಬೇಡ ಅಂತ ಪೆನ್ನಿನಿಂದ ಗೆರೆ ಎಳೆದರು. ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನದ ಮೇಲೆ ವಾಯವ್ಯದಿಂದ ಗಾಳಿ ಏಳುತ್ತದೆ, ಮಾಯಿಸ್ತ್ರೋ ಅಂತ ಹೆಸರು. ದಕ್ಷಿಣಕ್ಕಿರುವ ಅಂತಿಪಾಕ್ಸೋಸ್ ದ್ವೀಪಕ್ಕೆ ಬೇಕಾದರೆ ಹೋಗಿ, ಆದರೆ ಎರಡಕ್ಕೆ ಅಲ್ಲಿಂದ ಹೊರಡಿ ಅಂದರು. ನನಗೆ ಆ ಮಾತು ಹೊಸದಾಗಿ ಕೇಳಲಿಲ್ಲ. ನಮ್ಮೂರಲ್ಲಿ ಮೀನಿಗೆ ಹೋಗುವವರೂ ನಸುಕಿನಲ್ಲಿ ಹೋಗಿ ಗಾಳಿ ಬಲಿಯುವುದರೊಳಗೆ ದಡ ಸೇರುವ ಲೆಕ್ಕ ಇಡುತ್ತಾರೆ. ಈಗಂತೂ ಅಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಕಡಲೇ ಬಂದ್.

ಗಾಯೋಸ್ ಬಂದರಿನ ಎದುರು ಅಡ್ಡಲಾಗಿ ಒಂದು ಕುರುದ್ವೀಪ ಇದೆ. ಅದರ ಹಿಂದಿನ ಕಾಲುವೆಯಂಥ ನೀರಿನಲ್ಲಿ ನಡಿಗೆಯ ವೇಗದಲ್ಲಿ ದೋಣಿ ಬಿಟ್ಟೆ. ಚುಕ್ಕಾಣಿ ತಿರುಗಿಸಿ ಒಂದು ಕ್ಷಣ ಕಾಯಬೇಕು, ಆಮೇಲೆ ಮೂತಿ ಹೊರಳುತ್ತದೆ. ಕಾರಿನ ಅಭ್ಯಾಸದಲ್ಲಿ ಇನ್ನಷ್ಟು ತಿರುಗಿಸಿದರೆ ಅತಿಯಾಗಿ ಹೊರಳುತ್ತದೆ. ಹತ್ತು ನಿಮಿಷದಲ್ಲಿ ಕೈಗೆ ಗೊತ್ತಾಯಿತು. ಹೊರಗೆ ಬಂದು ವೇಗ ಕೊಟ್ಟಾಗ ಮಗಳು ಮುಂದೆ ಕೂತು ಎರಡೂ ಕೈ ಎತ್ತಿದಳು. ಮೈಸೂರಿನ ಇವರು, ಈಜು ಬಾರದವರು, ಜಾಕೆಟ್ಟಿನ ಮೂರೂ ಬಕಲ್ ಹಾಕಿಕೊಂಡು ಕಂಬಿ ಹಿಡಿದು ಕೂತಿದ್ದರು. ನನಗಾಗಿ ಬಂದದ್ದು. ಇದನ್ನು ಇಲ್ಲಿ ಬರೆದಿಡಲೇಬೇಕು.

ಮೊದಲ ಈಜು ದಕ್ಷಿಣ ತುದಿಯ ಒಂದು ಸಣ್ಣ ಕೊಲ್ಲಿಯಲ್ಲಿ. ಲಂಗರು ಎಲ್ಲಿ ಹಾಕಬಾರದು ಅನ್ನುವುದನ್ನು ಹಿರಿಯರು ಎರಡು ಸಲ ಹೇಳಿದ್ದರು. ನೀರಿನಡಿ ಕಪ್ಪು ಹಚ್ಚಡ ಹಾಸಿದಂತೆ ಕಾಣುವುದು ಬಂಡೆಯಲ್ಲ, ಹುಲ್ಲು. ಪೊಸಿಡೋನಿಯಾ ಅಂತ, ಸಮುದ್ರದೇವ ಪೊಸೈಡನ್‌ನ ಹೆಸರು. ಪಾಚಿಯಲ್ಲ, ಬೇರು ಎಲೆ ಹೂವು ಎಲ್ಲ ಇರುವ ನಿಜವಾದ ಗಿಡ. ಮೀನಿನ ಮರಿಗಳು ಬೆಳೆಯುವುದು ಅದರೊಳಗೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹಬ್ಬುವ ಅದನ್ನು ಒಂದು ಲಂಗರು ಒಂದೇ ಎಳೆತಕ್ಕೆ ಕಿತ್ತು ಹಾಕುತ್ತದೆ. ತಿಳಿ ಬಣ್ಣ ಕಂಡಲ್ಲಿ ಮರಳು, ಅಲ್ಲೇ ಹಾಕಬೇಕು. ಒಂದು ಮನೆಯಂಗಳದಷ್ಟು ಮರಳು ಹುಡುಕಿ, ಮೂತಿಯನ್ನು ಗಾಳಿಗೆ ತಿರುಗಿಸಿ, ಲಂಗರನ್ನು ಎಸೆಯದೆ ಕೈಯಾರೆ ಇಳಿಸಿದೆ.

ಮೋಟರು ನಿಲ್ಲಿಸಿದೆ. ದಾರ, ಕೀ ಎರಡೂ ಇವರ ಕೈಗೆ. ಏಣಿ ನೀರಿಗೆ ಬಿಟ್ಟಿದೆಯೇ ಅಂತ ಮತ್ತೆ ನೋಡಿದೆ. ಏಣಿ ಇಲ್ಲದೆ ನೀರಿನಿಂದ ದೋಣಿ ಹತ್ತುವುದು ಗಟ್ಟಿ ತೋಳಿನವರಿಗೂ ಕಷ್ಟ. ಆಮೇಲೆ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟೆ.

ನಮ್ಮೂರಲ್ಲಿ ಸಮುದ್ರಕ್ಕೆ ಇರುವ ಬಾಗಿಲು ಒಂದೇ, ತೆರೆ ಒಡೆಯುವ ದಡ. ಅಲ್ಲಿ ನೀರು ಮೊದಲು ಕಾಲು ಎಳೆಯುತ್ತದೆ, ಆಮೇಲೆ ಮೈಮೇಲೆ ಬೀಳುತ್ತದೆ, ಮರಳು ಕಣ್ಣಿಗೆ ಹೋಗುತ್ತದೆ. ಜಗಳ ಮುಗಿಸಿದ ಮೇಲಷ್ಟೇ ಒಳಗೆ ಪ್ರವೇಶ. ದೋಣಿಯ ಅಂಚು ಇನ್ನೊಂದು ಬಾಗಿಲು, ಆಳದ ಕಡೆಯದು. ಇಲ್ಲಿ ತೆರೆಯೇ ಇಲ್ಲ. ಉಬ್ಬರ ಇಳಿತವೂ ಹೆಸರಿಗೆ ಮಾತ್ರ. ಕೈ ಬಿಟ್ಟೆ. ತಣ್ಣಗಿನ ನೀರು ಕುತ್ತಿಗೆಗೆ ಬಂದು ನಿಂತಿತು, ಉಪ್ಪು ನನ್ನನ್ನು ಕೊಳಕ್ಕಿಂತ ಮೇಲೆ ಹಿಡಿಯಿತು. ಕನ್ನಡಕ ಹಾಕಿ ಮುಖ ಕೆಳಗೆ ಮಾಡಿದೆ.

ತಳ ಕಂಡಿತು. ಮರಳಿನ ಮೇಲೆ ಸಾಲುಸಾಲು ಸಣ್ಣ ಮಡಿಕೆಗಳು, ಅದರ ಮೇಲೆ ಬಿಸಿಲಿನ ಬಲೆ ಅಲುಗಾಡುತ್ತಿತ್ತು. ದೋಣಿಯ ನೆರಳು ಒಂದು ದೊಡ್ಡ ಎಲೆಯ ಹಾಗೆ. ಅದರ ಪಕ್ಕ ಇನ್ನೊಂದು ನೆರಳು, ಕೈಕಾಲು ಚಾಚಿದ್ದು. ನಾನು ಕೈ ಆಡಿಸಿದರೆ ಅದೂ ಆಡಿಸಿತು. ಸಮುದ್ರದ ತಳದ ಮೇಲೆ ಬಿದ್ದ ನನ್ನ ನೆರಳನ್ನು ನೋಡುತ್ತಾ ಎಷ್ಟು ಹೊತ್ತು ತೇಲಿದೆನೋ. ಕನ್ನಡಕದೊಳಗೆ ಕಣ್ಣು ಮಂಜಾಯಿತು. ಮಗಳು ಪಕ್ಕದಲ್ಲೇ ಬಂದು, "ಅಮ್ಮಾ, ಹೆದರಿಕೆ ಆಯ್ತಾ?" ಅಂದಳು. ಇಲ್ಲ ಅಂತ ತಲೆ ಆಡಿಸಿದೆ.

ಹನ್ನೊಂದಕ್ಕೆ ಅಂತಿಪಾಕ್ಸೋಸ್ ಕಡೆ ಹೊರಟೆವು. ನಡುವಿನ ನೀರು ಮೂರು ಕಿಲೋಮೀಟರಿನಷ್ಟು, ಎಣ್ಣೆಯ ಹಾಗೆ ನಯವಾಗಿತ್ತು. ಆ ದ್ವೀಪದಲ್ಲಿ ದ್ರಾಕ್ಷಿ ತೋಟಗಳು, ಬೆರಳೆಣಿಕೆಯ ಮನೆಗಳು. ವುತೂಮಿ ಅನ್ನುವ ಕೊಲ್ಲಿಯಲ್ಲಿ ಬಿಳಿ ಬೆಣಚುಕಲ್ಲಿನ ದಡ, ನೀರಿನ ಬಣ್ಣ ನೋಡಿದರೆ ಯಾರೋ ಕೆಳಗಿನಿಂದ ದೀಪ ಹಚ್ಚಿಟ್ಟ ಹಾಗೆ. ಬಂಡೆಯ ಮಗ್ಗುಲಲ್ಲಿ ಲಂಗರು ಬಿಟ್ಟು ಊಟ ಮಾಡಿದೆವು. ಬ್ರೆಡ್ಡು, ಟೊಮೆಟೊ, ಫೆತಾ ಚೀಸು, ಜೊತೆಗೆ ಆಯಿ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ. ಫೆತಾದ ಉಪ್ಪಿಗೂ ಅಪ್ಪೆಯ ಪರಿಮಳಕ್ಕೂ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಇನ್ನು ಮನೆಯಲ್ಲೂ ಇದೇ.

ತಪ್ಪಾದದ್ದು ಇಲ್ಲಿ. ಊಟವಾಗಿ ಅರ್ಧ ಗಂಟೆ ಬಿಟ್ಟು ನಾನೊಬ್ಬಳೇ ಇಳಿದೆ. ದಡದ ಕಡೆ ಈಜಿ, ತಿರುಗಿ ನೋಡಿದರೆ ದೋಣಿಯ ಹಿಂದೆ ಇದ್ದ ಬಂಡೆ ಈಗ ದೋಣಿಯ ಪಕ್ಕದಲ್ಲಿತ್ತು. ಬಂಡೆ ನಡೆಯುವುದಿಲ್ಲ. ಗಾಳಿ ಎದ್ದಿತ್ತು, ಲಂಗರು ಜಾರುತ್ತಿತ್ತು, ದೋಣಿ ನಿಧಾನವಾಗಿ ಹೊರಗಿನ ನೀರಿಗೆ ಹೋಗುತ್ತಿತ್ತು. ಒಳಗೆ ಈಜು ಬಾರದ ಇವರು, ಹನ್ನೊಂದರ ಮಗಳು.

ಕೂಗಿದೆ. ಇವರಿಗೆ ಅರ್ಥವಾದ ಕೂಡಲೇ ಎದ್ದು ಕೀ ತಿರುಗಿಸಲು ಹೊರಟರು, ನನ್ನನ್ನು ಕರೆತರಲು. "ಮೋಟರ್ ಹಚ್ಚಬೇಡಿ ರೀ! ಹಗ್ಗ ಬಿಡಿ, ಇನ್ನೂ ಬಿಡಿ!" ನೀರಲ್ಲಿ ಜನ ಇರುವಾಗ ರೆಕ್ಕೆ ತಿರುಗಬಾರದು, ಈ ಒಂದು ಮಾತನ್ನು ಬೆಳಿಗ್ಗೆಯಿಂದ ಮನಸ್ಸಿನಲ್ಲಿ ಹೇಳಿಕೊಂಡೇ ಇದ್ದೆ. ಇವರು ಮುಂದೆ ಹೋಗಿ ಗೂಟದಿಂದ ಹಗ್ಗ ಬಿಚ್ಚಿ, ಮೊಣಕಾಲೂರಿ ಕೂತು, ಮೊಳ ಮೊಳ ಬಿಡತೊಡಗಿದರು. ನಾನು ತಲೆ ಎತ್ತದೆ ಈಜಿದೆ. ಕೊಳದಲ್ಲಿ ಕಲಿತದ್ದೆಲ್ಲ ಆಗ ಕೈಗೆ ಬಂತು. ಮತ್ತೆ ನೋಡಿದಾಗ ಹಗ್ಗ ಬಿಗಿದು, ಮೂತಿ ಗಾಳಿಗೆ ತಿರುಗಿ, ದೋಣಿ ನಿಂತಿತ್ತು. ಏಣಿ ಹಿಡಿದೆ.

ತಪ್ಪು ನನ್ನದೇ. ನೀರು ಅಷ್ಟು ತಿಳಿಯಾಗಿದ್ದರಿಂದ ಎರಡಾಳು ಆಳ ಇರಬಹುದು ಅಂದುಕೊಂಡು ಅದಕ್ಕೆ ತಕ್ಕಷ್ಟೇ ಹಗ್ಗ ಬಿಟ್ಟಿದ್ದೆ. ನಿಜದಲ್ಲಿ ಅದರ ಎರಡರಷ್ಟಿತ್ತು. ಲಂಗರು ದೋಣಿಯನ್ನು ತೂಕದಿಂದ ಹಿಡಿಯುವುದಿಲ್ಲ. ಹಗ್ಗ ಓರೆಯಾಗಿ, ನೆಲಕ್ಕೆ ಹತ್ತಿರವಾಗಿ ಎಳೆದರೆ ಅದರ ಕೊಕ್ಕೆ ಮರಳಿಗೆ ಇಳಿಯುತ್ತದೆ. ಹಗ್ಗ ಗಿಡ್ಡವಾದರೆ ಮೇಲಕ್ಕೆಳೆದು ಕಿತ್ತು ಬಿಡುತ್ತದೆ. ಆಳದ ಮೂರರಿಂದ ಐದು ಪಟ್ಟು ಹಗ್ಗ ಅಂತ ಬೆಳಿಗ್ಗೆ ಹೇಳಿದ್ದರು. ಹಾಗೆ ಬಿಟ್ಟ ಮೇಲೆ ಹಿಂದಕ್ಕೆ ಸ್ವಲ್ಪ ಮೋಟರು ಕೊಟ್ಟು ಎಳೆದು ನೋಡಿ, ದಡದ ಎರಡು ಗುರುತು ಹಿಡಿದು ಹತ್ತು ನಿಮಿಷ ಕಾದು, ಆಮೇಲಷ್ಟೇ ನೀರಿಗಿಳಿಯಬೇಕಿತ್ತು. ಈ ದೋಣಿ ತೆಗೆದುಕೊಳ್ಳುವ ಯಾರಾದರೂ ಇದನ್ನು ಓದುತ್ತಿದ್ದರೆ, ಮೋಟರಿಗಿಂತ ಹೆಚ್ಚು ಹೊತ್ತು ಲಂಗರಿನ ಬಗ್ಗೆ ಕೇಳಿ. ದೋಣಿಯಲ್ಲಿ ಸದಾ ಒಬ್ಬರು ದೊಡ್ಡವರು ಉಳಿಯಲಿ. ನಾವು ಇಬ್ಬರೂ ಇಳಿದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ಬರೆಯಲು ಕೈ ಬರುತ್ತಿಲ್ಲ.

ಇವರು ಬೈಯಲಿಲ್ಲ. ಟವೆಲ್ ಹೊದಿಸಿ, "ನೀನು ಹಗ್ಗ ಅನ್ನದಿದ್ದರೆ ನಾನು ಮೋಟರೇ ಹಚ್ಚುತ್ತಿದ್ದೆ ಕಣೇ" ಅಂದರು. ಅಂಗೈ ನೋಡಿದರೆ ಹಗ್ಗ ಉಜ್ಜಿ ಕೆಂಪಾಗಿತ್ತು.

ಎರಡಾಗುವ ಮೊದಲೇ ಹೊರಟೆವು. ಬೆಳಿಗ್ಗೆ ಎಣ್ಣೆಯಂತಿದ್ದ ಆ ಮೂರು ಕಿಲೋಮೀಟರ್ ಈಗ ಬೇರೆಯೇ ನೀರು. ಗಾಳಿ ಎದುರಿನಿಂದ, ಎಡ ಹೆಗಲಿಗೆ. ಸಣ್ಣ ಅಲೆಗಳಾದರೂ ದೋಣಿಯೂ ಸಣ್ಣದು. ವೇಗ ಇಳಿಸಿ, ಪ್ರತಿ ಅಲೆಗೂ ಮೂತಿ ತುಸು ಓರೆ ಕೊಟ್ಟು ಬಂದೆ. ಮಗಳು ಒದ್ದೆಯಾಗಿ ಸುಮ್ಮನೆ ಅಪ್ಪನಿಗೆ ಒರಗಿದ್ದಳು. ದೊಡ್ಡ ದ್ವೀಪದ ಮರೆ ಸಿಕ್ಕಿದ್ದೇ ನೀರು ತಟ್ಟನೆ ಸಮವಾಯಿತು. ಬಂದರಿನಲ್ಲಿ ಹಿರಿಯರು ಕೈ ಚಾಚಿ ಹಗ್ಗ ಹಿಡಿದರು. ಪೆಟ್ರೋಲಿಗೆ 26 ಯೂರೋ. ಲಂಗರು ಜಾರಿದ್ದನ್ನು ಹೇಳಿದೆ. ಗಂಭೀರವಾಗಿ ಕೇಳಿ, ಎಷ್ಟು ಹಗ್ಗ ಬಿಟ್ಟಿದ್ದೆ ಅಂತ ವಿಚಾರಿಸಿ, ಕಟ್ಟೆಯ ಕಲ್ಲಿನ ಮೇಲೆ ಒದ್ದೆ ಬೆರಳಿನಿಂದ ಲಂಗರಿನ ಚಿತ್ರ ಬರೆದು ಮತ್ತೊಮ್ಮೆ ತೋರಿಸಿದರು.

ರಾತ್ರಿ ಈಗ ಒಂಬತ್ತೂವರೆ. ಊರಲ್ಲಿ ನಡುರಾತ್ರಿಯಾಗಿರುತ್ತದೆ. ಸಂಜೆಯೇ ಆಯಿಗೆ ಫೋನ್ ಮಾಡಿದ್ದೆ. ಅಲ್ಲಿ ಜೋರು ಮಳೆ, ಅವಳ ಮಾತಿನ ಹಿಂದೆ ಹಂಚಿನ ಮೇಲೆ ಬೀಳುವ ನೀರಿನ ಸದ್ದು. ದೋಣಿ ನಾನೇ ನಡೆಸಿದೆ, ಸಮುದ್ರದ ನಡುವೆ ಇಳಿದೆ ಅಂದೆ. ಲಂಗರಿನ ವಿಷಯವನ್ನೂ ಮುಚ್ಚಿಡಲಿಲ್ಲ. ಸ್ವಲ್ಪ ಹೊತ್ತು ಮಾತಿಲ್ಲ. "ಹುಷಾರು ಕೂಸೆ" ಅಂದಳು. ಇನ್ನು ಇಡುತ್ತಾಳೆ ಅಂದುಕೊಂಡೆ.

"ತಳ ಕಂಡ್ತಾ?" ಅಂತ ಕೇಳಿದಳು.

"ಕಂಡಿತು."

"ಎಂತ ಇತ್ತು?"

ಮರಳು, ಮರಳಿನ ಮೇಲೆ ಬಿಸಿಲು, ದೋಣಿಯ ನೆರಳು, ನನ್ನ ನೆರಳು ಅಂತ ಒಂದೊಂದಾಗಿ ಹೇಳಿದೆ. ಹಂಚಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ಅವಳು ಇನ್ನೊಮ್ಮೆ ಹೇಳು ಅಂದಳು.