ಹನ್ನೊಂದೂವರೆಯ ನೀರು

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ದಿನ ನಸುಕಿನ ಐದಕ್ಕೆ ತಮ್ಮ ಫೋನ್ ಮಾಡಿದ. ಅದು ಅವನು ಬಲೆ ಎತ್ತುವ ಹೊತ್ತು, ಫೋನ್ ಮಾಡುವ ಹೊತ್ತಲ್ಲ.

"ಅಕ್ಕಾ, ಮೀನ ಎಲ್ಲಾ ಮ್ಯಾಲ ಬಂದು ಬಾಯಿ ಬಿಡಾಕ ಹತ್ಯಾವ. ಹರಗೋಲ ಬಡದ್ರೂ ಒಳಗ ಹೋಗವಲ್ವು."

ನಮ್ಮೂರು ತುಂಗಭದ್ರಾ ಹಿನ್ನೀರಿನ ದಂಡೆಗಿದೆ, ಕೊಪ್ಪಳ ಜಿಲ್ಲೆಯ ಕಡೆ. ಮನೆತನದ ಕಸುಬು ಮೀನು. ನಾನೊಬ್ಬಳೇ ದಾರಿ ತಪ್ಪಿ ಬಿಎಸ್ಸಿ ಮಾಡಿ ನೀರು ಪರೀಕ್ಷೆಯ ಲ್ಯಾಬ್ ಸೇರಿದೆ. ಹದಿನಾಲ್ಕು ವರ್ಷದಿಂದ ಬೋರ್‌ವೆಲ್ ನೀರಿನ ಫ್ಲೋರೈಡ್, ನೈಟ್ರೇಟ್ ನೋಡುತ್ತಾ ಕೂತಿದ್ದೇನೆ. ಊರಲ್ಲಿ ನನ್ನ ಹೆಸರೇ ಬಾಟ್ಲಿ ಅಕ್ಕ.

ಬಸ್ ಹಿಡಿದು ಹೋಗುವಷ್ಟರಲ್ಲಿ ಎಂಟಾಗಿತ್ತು. ನೀರು ಪಾಲಕ್ ಸಾರಿನ ಹಾಗೆ ಹಸಿರು. ದಂಡೆಯುದ್ದಕ್ಕೂ ಕಟ್ಲಾ, ರೋಹು ಹೊಟ್ಟೆ ಮೇಲಾಗಿ ಬಿದ್ದಿದ್ದವು. ಆದರೆ ಬರೀ ದೊಡ್ಡವು. ಬೆರಳುದ್ದದ ಮರಿಗಳು ಕಾಲಡಿಯಲ್ಲೇ ಓಡಾಡಿಕೊಂಡಿದ್ದವು. ನಮ್ಮ ಕಾಕಾ ಬೀಡಿ ಹಚ್ಚಿ, "ಔಷಧಿ ಬಿದ್ದಿದ್ರ ಮರಿ ಮೊದಲ ಹೋಗ್ತಿದ್ವು. ಇವು ಉಸಿರ ಕಟ್ಟಿ ಸತ್ತಾವ" ಅಂದ. ಮೀನು ಸತ್ತ ಕಡೆ ಸಾಮಾನ್ಯವಾಗಿ ಪುಸ್ತಕದವರೂ ಮೊದಲು ನೋಡುವುದು ಇದನ್ನೇ. ಕಾಕಾ ಓದಿದ್ದು ಮೂರನೇ ಇಯತ್ತೆ.

ಸ್ಯಾಂಪಲ್ ಒಯ್ಯುವವರು ಬಂದದ್ದು ಹನ್ನೊಂದೂವರೆಗೆ. ಎರಡು ವಾರದ ಮೇಲೆ ವರದಿ ಬಂತು: ಎಲ್ಲಾ ಮಿತಿಯೊಳಗಿದೆ, ಆಮ್ಲಜನಕವಂತೂ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ತಮ್ಮ ಅದನ್ನು ಎರಡು ಸಲ ಓದಿಸಿ ಕೇಳಿದ. "ಹಂಗಾರ ಮೀನ ಬ್ಯಾಸರಾಗಿ ಸತ್ವೇನು?"

ವರದಿ ಸುಳ್ಳಲ್ಲ, ಅದೇ ನನಗೆ ಸಂಕಟ. ಬಿಸಿಲು ಬಿದ್ದಾಗ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೂ ಎಲ್ಲರಂತೆ ಉಸಿರಾಡುತ್ತದೆ. ಮೇಲಿನ ಊರುಗಳ ಚರಂಡಿ, ಗದ್ದೆಗಳ ಗೊಬ್ಬರ ತಿಂದು ಕೊಬ್ಬಿದ ಪಾಚಿ ಬೆಳಗಾಗುವುದರೊಳಗೆ ನೀರನ್ನು ಬರಿದು ಮಾಡಿ, ಹತ್ತು ಗಂಟೆ ಹೊತ್ತಿಗೆ ಮತ್ತೆ ತುಂಬಿಸಿಕೊಂಡು ಸಂಭಾವಿತನ ಹಾಗೆ ಕೂತಿರುತ್ತದೆ. ಮೀನು, ವನ್ಯಜೀವಿಗಳ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟ 'ಡಿ' ದರ್ಜೆಯಲ್ಲಿ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗೆ ಕಡಿಮೆ ಇರಬಾರದು. ಎಷ್ಟು ಗಂಟೆಗೆ ಅನ್ನುವುದು ಆ ಸಾಲಿನಲ್ಲಿಲ್ಲ.

ಮುಂದಿನ ವಾರ ನಾನೇ ಹೋದೆ, ನಾಲ್ಕೂವರೆಗೆ, ತಮ್ಮನ ಹರಿಗೋಲಿನಲ್ಲಿ. 300 ಮಿಲಿಲೀಟರಿನ ಗಾಜಿನ ಬಾಟಲಿಯನ್ನು ಗಾಳಿಯ ಒಂದು ಗುಳ್ಳೆಯೂ ಸೇರದ ಹಾಗೆ ನೀರೊಳಗೇ ತುಂಬಿಸಿ ಎತ್ತಬೇಕು. ಹರಿಗೋಲು ಗಿರಗಿರ ತಿರುಗುತ್ತಿರುವಾಗ ಇದು ಹೇಳಿದಷ್ಟು ಸುಲಭವಲ್ಲ. ಅದಕ್ಕೆ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರದ ಅಯೋಡೈಡ್ ಬಿಟ್ಟು, ಬಿರಡೆ ಹಾಕಿ ತಲೆಕೆಳಗು ಮಾಡಿದರೆ ಒಳಗೆ ಮೊಸರೊಡೆದ ಹಾಗೆ ಗಸಿ ಕಟ್ಟುತ್ತದೆ. ಆಮ್ಲಜನಕ ಇದ್ದರೆ ಗಸಿ ಬೆಲ್ಲದ ಬಣ್ಣ, ಇಲ್ಲದಿದ್ದರೆ ಬಿಳಿ. ತಮ್ಮ ಮೊಬೈಲ್ ಟಾರ್ಚ್ ಹಿಡಿದ. ಚಹಾಕ್ಕೆ ಹಾಲು ಜಾಸ್ತಿಯಾದಂಥ ಒಂದು ಬಣ್ಣ, ಅಷ್ಟೇ. ಲ್ಯಾಬಿಗೆ ಬಂದು ಟೈಟ್ರೇಟ್ ಮಾಡಿ ಅಳೆದಾಗ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗೂ ಮುಟ್ಟಲಿಲ್ಲ. ಅದೇ ಜಾಗದ ಮಧ್ಯಾಹ್ನ ಮೂರರ ಬಾಟಲಿ ಕಡು ಕಂದು.

ಮೀನು ಸತ್ತರೆ ಬೇರೆ ಕಡೆ ಕಾರಣ ಹೇಗೆ ಹುಡುಕುತ್ತಾರೆ ಎಂದು ಸಾಲ್ಮನ್ ಬಗ್ಗೆ ಓದಲು ಕೂತದ್ದು ಆ ಸಿಟ್ಟಿನಲ್ಲೇ. (ಹೋಟೆಲ್ ಮೆನುವಿನ 'ಇಂಡಿಯನ್ ಸಾಲ್ಮನ್' ಬೇರೆ. ಅದು ಕಡಲಿನ ರಾವಸ್, ಇದಕ್ಕೆ ನೆಂಟನೂ ಅಲ್ಲ.) ಹಳ್ಳದಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ವಾಸನೆ ಹಿಡಿದು ಹುಟ್ಟಿದ ಹಳ್ಳಕ್ಕೇ ತಿರುಗಿ ಬರುವ ಮೀನು. ಅಮೆರಿಕದ ಸಿಯಾಟಲ್ ಸುತ್ತಲಿನ ಹಳ್ಳಗಳಲ್ಲಿ ಕೊಹೊ ಎಂಬ ಜಾತಿಯ ಸಾಲ್ಮನ್, ಅಲ್ಲಿಯ ಮಳೆ ಶುರುವಾದಾಗ, ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡೇ ಸುತ್ತು ಹೊಡೆದು, ಬಾಯಿ ಬಿಟ್ಟು ಸಾಯುತ್ತಿತ್ತು. ಆಮ್ಲಜನಕ ಸರಿ, ಉಷ್ಣತೆ ಸರಿ, ರೋಗ ಇಲ್ಲ. ರಸ್ತೆಯ ಕೊಳೆಯಲ್ಲಿ ಸಿಗುವ ಲೋಹ, ಎಣ್ಣೆಯ ಅಂಶ ಕಲಸಿ ಲ್ಯಾಬಿನಲ್ಲಿ ನಕಲಿ ನೀರು ಮಾಡಿ ಬಿಟ್ಟರೆ ಕೊಹೊ ಆರಾಮಾಗಿ ಈಜಿತು. ಹೈವೇಯಿಂದ ಇಳಿದ ನಿಜವಾದ ಮಳೆನೀರಿಗೆ ಬಿಟ್ಟರೆ ಗಂಟೆಗಳಲ್ಲಿ ಸತ್ತಿತು.

ಕಾರಣ ಹೊರಬಿದ್ದದ್ದು 2020ರ ಡಿಸೆಂಬರಿನಲ್ಲಿ. ಟೈರ್ ಬಿರುಕು ಬಿಡದಿರಲಿ ಎಂದು ರಬ್ಬರಿಗೆ 6ಪಿಪಿಡಿ ಅನ್ನುವ ರಾಸಾಯನಿಕ ಸೇರಿಸುತ್ತಾರೆ. ಅದು ಗಾಳಿಯ ಓಝೋನ್ ಜೊತೆ ಕೂಡಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಲೀಟರಿಗೆ ಸುಮಾರು 0.8 ಮೈಕ್ರೋಗ್ರಾಂ ಇದ್ದರೆ ಅರ್ಧ ಕೊಹೊ ಸಾಯುತ್ತವೆ ಎಂದು ಮೊದಲು ಲೆಕ್ಕ ಹಾಕಿದ್ದರು. ಶುದ್ಧ ಮಾದರಿ ಕೈಗೆ ಬಂದ ಮೇಲೆ ಅದೇ ಲೆಕ್ಕ 0.095ಕ್ಕೆ ಇಳಿಯಿತು. ಅದೇ ಹಳ್ಳಗಳಿಗೆ ಬರುವ ಇನ್ನೊಂದು ಸಾಲ್ಮನ್, ಚಮ್, ಅದೇ ಮಳೆನೀರಿನಲ್ಲಿ ಬದುಕಿ ಉಳಿಯುತ್ತದೆ. ಆದ್ದರಿಂದ ನಮ್ಮ ಗೆಂಡೆ ಮೀನಿಗೂ ಟೈರೇ ಯಮ ಎಂದು ನಾನು ಹೇಳಲು ಹೊರಟಿಲ್ಲ. ಅಲ್ಲಿಯ ವಿಜ್ಞಾನಿಗಳು ಮಳೆ ಬೀಳುವ ಹೊತ್ತಿಗೆ ಹಳ್ಳಕ್ಕೆ ಇಳಿದರು, ಅದು ನನಗೆ ಬೇಕಾದ ಸಂಗತಿ.

ತಾಮ್ರದ ಕಥೆ ಇನ್ನೂ ಚುಚ್ಚಿತು, ಅದು ನನ್ನ ದಿನದ ಕೆಲಸಕ್ಕೇ ಕೈ ಹಾಕುವಂಥದ್ದು. ಕುಡಿಯುವ ನೀರಿಗೆ ನಾವು ಹಿಡಿಯುವ ಭಾರತೀಯ ಮಾನಕ ಐಎಸ್ 10500ರಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂವರೆಗೆ ಒಪ್ಪಿಗೆ, ಅಂದರೆ 50 ಮೈಕ್ರೋಗ್ರಾಂ. ಕೊಹೊ ಮರಿಗಳ ಮೂಗು ಮಂಕಾಗಲು ನೀರಿನಲ್ಲಿ ಮೊದಲೇ ಇದ್ದದ್ದಕ್ಕಿಂತ ಎರಡು ಮೂರು ಮೈಕ್ರೋಗ್ರಾಂ ಹೆಚ್ಚಾದರೆ ಸಾಕು. ಸಾಯುವುದಿಲ್ಲ. ವಾಸನೆ ತಿಳಿಯುವುದಿಲ್ಲ, ಬೇಟೆಯಾಡುವ ಮೀನು ಹತ್ತಿರ ಬಂದರೂ ಗೊತ್ತಾಗುವುದಿಲ್ಲ. ನಾನು ಸಹಿ ಹಾಕಿ "ಯೋಗ್ಯ" ಎಂದು ಕಳಿಸುವ ನೀರು ಅದು. ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆಗೆ ದುಂಡಾಣು ರೋಗ ಬಂದಾಗ ಹೊಡೆಯುವ ಔಷಧಿಗಳಲ್ಲೂ ತಾಮ್ರವಿದೆ. ಮಳೆ ಬಂದರೆ ಎಲೆಯ ಮೇಲಿನದು ಎಲ್ಲಿಗೆ ಹೋಗುತ್ತದೆ ಎಂದು ಆಗಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ.

ನಮ್ಮಲ್ಲೂ ಮೀನು ಏರುವ ಕಾಲವೆಂದರೆ ಮೊದಲ ಹೊಸ ನೀರು. ಜೂನಿನಲ್ಲಿ ಹಳ್ಳ ಕೆಂಪಾಗಿ ಬಂದ ರಾತ್ರಿ ಗೆಂಡೆಗಳು ಎದುರೀಜು ಹತ್ತುತ್ತವೆ, ಹುಡುಗರು ಸೀರೆ ಹಿಡಿದು ಕಾಯುತ್ತಾರೆ. ಎಂಟು ತಿಂಗಳಿಂದ ರಸ್ತೆ, ಗದ್ದೆ, ಚರಂಡಿ, ತಿಪ್ಪೆಗಳಲ್ಲಿ ಕೂಡಿಬಿದ್ದದ್ದೆಲ್ಲಾ ಇಳಿಯುವುದೂ ಅದೇ ರಾತ್ರಿ. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಮಾಡಿದ್ದಾರೆ. ನೀರುನಾಯಿ ತಿನ್ನುವುದೂ ಈ ಮೀನನ್ನೇ. ಆ ರಾತ್ರಿಯ ನೀರನ್ನು ಬಾಟಲಿಗೆ ತುಂಬಿದ್ದನ್ನು ನಾನು ಕಂಡಿಲ್ಲ. ತಿಂಗಳಿಗೊಂದು ಬಾಟಲಿ, ಆಫೀಸ್ ಟೈಮಿನಲ್ಲಿ, ಜೀಪು ನಿಲ್ಲುವ ಜಾಗದಲ್ಲಿ ತುಂಬಿ, ಅಪಾಯ ಎಷ್ಟು ಎಂದು ಕೇಳಿದರೆ ಆ ಬಾಟಲಿ ಏನು ಹೇಳೀತು?

ಈ ವರ್ಷ ರೋಹಿಣಿ ಮಳೆಗೆ ನಾವಿಬ್ಬರೂ ಹೆದ್ದಾರಿ ಸೇತುವೆ ಕೆಳಗೆ ಕಾದೆವು. ಸಿಡಿಲಿಗೆ ಅವ್ವ ಮೂರು ಸಲ ಫೋನ್ ಮಾಡಿದಳು. ಮಳೆ ಶುರುವಾದ ಇಪ್ಪತ್ತು ನಿಮಿಷಕ್ಕೆ ಸೇತುವೆಯ ಪೈಪಿನಿಂದ ಇಳಿದ ನೀರು ಗ್ರೀಸಿನ ಹಾಗೆ ಕಪ್ಪು, ಮೇಲೆ ಬಣ್ಣ ಬಣ್ಣದ ಎಣ್ಣೆ ಪದರ. ಹತ್ತು ನಿಮಿಷಕ್ಕೊಂದರಂತೆ ಆರು ಬಾಟಲಿ ತುಂಬಿದೆವು, ಮೇಲೆ ಟೈಮ್ ಬರೆದೆವು. ಆರನೆಯದು ಆಗಲೇ ಬರೀ ಕೆಂಪು ಮಣ್ಣಿನ ನೀರು. ಬೆಳಿಗ್ಗೆ ಹನ್ನೊಂದೂವರೆಗೆ ಅಲ್ಲಿಗೆ ಯಾರೇ ಬಂದಿದ್ದರೂ ಸಿಗುತ್ತಿದ್ದದ್ದು ಅದೇ.

ಆರೂ ಬಾಟಲಿ ಈಗ ಮನೆಯ ಫ್ರಿಜ್ಜಿನಲ್ಲಿವೆ, ಮೊಸರಿನ ಪಕ್ಕ. ಬೇಗ ತೆಗೆಯದಿದ್ದರೆ ಅವ್ವ ಚೆಲ್ಲುತ್ತಾಳಂತೆ. ಸೋಮವಾರ ಒಯ್ಯಬೇಕು.