ಮಗ ದೀನ್ (ಧರ್ಮ) ಬಿಟ್ಟರೆ ಮನೆಗೆ ಸೇರಿಸಬಹುದೇ?

"ಉಸ್ತಾದರೇ, ಮಗ ನಮಾಝ್ ಬಿಟ್ಟ. ಈಗ ದೇವರೇ ಇಲ್ಲ ಎನ್ನುತ್ತಾನೆ. ಮನೆಗೆ ಸೇರಿಸಿದರೆ ನಮಗೆ ಪಾಪವೇ?" ಕುರ್‌ಆನ್ ತರಗತಿ ಮುಗಿದ ಮೇಲೆ ಎಲ್ಲರೂ ಹೋಗುವವರೆಗೆ ಕಾದು, ದನಿ ತಗ್ಗಿಸಿ ಕೇಳುವವರಿದ್ದಾರೆ. ಹೆಚ್ಚಿನವರು ತಾಯಂದಿರು.

ಸೇರಿಸಿ ಎನ್ನುತ್ತೇನೆ. ಪಾಪವಿಲ್ಲ.

ಶಿರ್ಕ್ (ಅಲ್ಲಾಹನಿಗೆ ಸಾಟಿ ಕಲ್ಪಿಸುವುದು) ಮಾಡೆಂದು ಹೆತ್ತವರು ಒತ್ತಾಯಿಸಿದರೂ ಆ ಮಾತನ್ನು ಕೇಳಬೇಡ, ಆದರೆ ಇಹದ ಬದುಕಿನಲ್ಲಿ ಅವರೊಂದಿಗೆ ಚೆನ್ನಾಗಿ ನಡೆದುಕೋ ಎನ್ನುತ್ತದೆ ಕುರ್‌ಆನಿನ ಅಧ್ಯಾಯವಾದ ಸೂರಃ ಲುಕ್ಮಾನ್. ಪ್ರವಾದಿಯವರ ಅನುಯಾಯಿ ಅಸ್ಮಾ ಬಿಂತ್ ಅಬೂಬಕರ್ ಅವರ ತಾಯಿ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಆಕೆ ಮಗಳನ್ನು ನೋಡಲು ಮದೀನಕ್ಕೆ ಬಂದಾಗ ಪ್ರವಾದಿಯವರು, ತಾಯಿಯೊಂದಿಗೆ ಸಂಬಂಧ ಉಳಿಸಿಕೋ ಎಂದರು. ಪ್ರವಾದಿಯವರ ಸಂಗಾತಿ ಉಮರ್ ತಮಗೆ ಸಿಕ್ಕ ರೇಷ್ಮೆಯ ಉಡುಪನ್ನು ಮಕ್ಕಾದಲ್ಲಿದ್ದ ಮುಶ್ರಿಕ್ (ಶಿರ್ಕ್ ಮಾಡುವ) ಸೋದರನಿಗೆ ಕಳುಹಿಸಿಕೊಟ್ಟರು.

ಅವರೆಲ್ಲ ದೀನಿಗೆ ಬಾರದವರು, ಇವನು ಬಂದು ಬಿಟ್ಟವನು ಎಂದು ವಾದಿಸುವವರಿದ್ದಾರೆ. ನಿಜ, ಫಿಕ್ಹ್ (ಇಸ್ಲಾಮಿನ ಧರ್ಮಶಾಸ್ತ್ರ) ಗ್ರಂಥಗಳು ಇವೆರಡನ್ನು ಬೇರೆಯಾಗಿಯೇ ನೋಡುತ್ತವೆ. ದೀನ್ ಬಿಟ್ಟವನಿಗೆ ಹಳೆಯ ವಿದ್ವಾಂಸರು ಮರಣದಂಡನೆಯನ್ನೂ ಬರೆದಿದ್ದಾರೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರು ಬರೆದದ್ದು ಆಳುವವರಿಗೆ, ನ್ಯಾಯಾಧೀಶರಿಗೆ. ಅಪ್ಪನಿಗೋ ಅಣ್ಣನಿಗೋ ಓಣಿಯ ಹುಡುಗರಿಗೋ ಅಲ್ಲ. ಬರೀ ನಂಬಿಕೆ ಬದಲಿಸಿದ್ದಕ್ಕೆ ಇಹದಲ್ಲಿ ಶಿಕ್ಷೆಯೇ ಇಲ್ಲವೆಂದು ಇರಾಕಿನ ವಿದ್ವಾಂಸ ತಾಹಾ ಜಾಬಿರ್ ಅಲ್ ಅಲ್ವಾನಿಯಂಥವರು ವಾದಿಸಿದ್ದಾರೆ. ನನ್ನ ಒಲವೂ ಅತ್ತಲೇ. 2017ರಲ್ಲಿ ಕೊಯಮತ್ತೂರಿನಲ್ಲಿ ನಾಸ್ತಿಕನಾದ ಯುವಕನೊಬ್ಬನನ್ನು ಕಡಿದು ಕೊಂದರಲ್ಲ, ಅದು ಕೊಲೆ. ಅದಕ್ಕೆ ದೀನಿನ ಹೆಸರು ಹೇಳುವುದು ದೀನಿಗೇ ಮಾಡುವ ಅನ್ಯಾಯ.

ಮನೆಯಲ್ಲಿ ಕಷ್ಟ ಬರುವುದು ಊಟದ ಹೊತ್ತಿನಲ್ಲಿ. ಅವನೇನೋ ಚುಚ್ಚಿ ಆಡುತ್ತಾನೆ, ಬಾಪ ಸಿಡಿಯುತ್ತಾರೆ, ಬಟ್ಟಲುಗಳು ಅರ್ಧಕ್ಕೇ ನಿಲ್ಲುತ್ತವೆ. ಇದಕ್ಕೂ ಕುರ್‌ಆನಿನಲ್ಲಿ ದಾರಿಯಿದೆ. ಅಲ್ಲಾಹನ ವಚನಗಳನ್ನು ಗೇಲಿ ಮಾಡುವವರ ಜೊತೆ, ಅವರು ಬೇರೆ ಮಾತಿಗೆ ಹೊರಳುವವರೆಗೆ, ಕೂರಬೇಡಿ ಎನ್ನುತ್ತದೆ ಸೂರಃ ನಿಸಾ. ಹೊರಳುವವರೆಗೆ ಮಾತ್ರ! ಆ ಮಾತಿನಿಂದ ಎದ್ದು ಹೋಗಿ, ಮಗನಿಂದಲ್ಲ. ಸ್ವಲ್ಪ ಹೊತ್ತು ಬಿಟ್ಟು ಬಂದು ಅವನ ಕೆಲಸದ ವಿಚಾರ ಕೇಳಿ. ರಮಝಾನಿನಲ್ಲಿ ಉಪವಾಸ ಹಿಡಿದೆಯಾ ಎಂದು ದಿನವೂ ಕೆದಕಬೇಡಿ. ಇಫ್ತಾರಿಗೆ ಅವನಿಗೂ ಒಂದು ತಟ್ಟೆ ಇಡಿ. ದುಆ (ಪ್ರಾರ್ಥನೆ) ನಿಲ್ಲಿಸಬೇಡಿ. ಪ್ರಳಯ ಬಂದಾಗ ಹಡಗಿನಲ್ಲಿದ್ದ ನೂಹ್ ಪ್ರವಾದಿ, ನಂಬದ ಮಗನನ್ನು ಅಲೆ ಅಡ್ಡ ಬರುವವರೆಗೂ "ಮಗನೇ, ನಮ್ಮೊಂದಿಗೆ ಹತ್ತು" ಎಂದು ಕೂಗುತ್ತಲೇ ಇದ್ದರು.

ಆಸ್ತಿಯ ಮಾತೂ ಬರುತ್ತದೆ. ಮುಸ್ಲಿಮನಿಗೂ ಮುಸ್ಲಿಮನಲ್ಲದವನಿಗೂ ನಡುವೆ ವಾರಸುದಾರಿಕೆಯಿಲ್ಲ ಎನ್ನುತ್ತದೆ ಹದೀಸ್ (ಪ್ರವಾದಿಯವರ ನುಡಿ). ಆದರೆ ಧರ್ಮ ತೊರೆದವನ ಹಕ್ಕನ್ನು ಕಾಯಲು ನಮ್ಮ ದೇಶದಲ್ಲಿ 1850ರಲ್ಲೇ ಕಾಯ್ದೆಯೊಂದು ಬಂದಿತ್ತು. ಬದುಕಿರುವಾಗಲೇ ಪ್ರೀತಿಯಿಂದ ಏನಾದರೂ ಕೊಡುವುದಕ್ಕೆ ಎರಡರಲ್ಲೂ ತಡೆಯಿಲ್ಲ.

ಇನ್ನು ತಂಗಿಯ ನಿಕಾಹ್. ಬೀಗರಿಗೆ ತಿಳಿಯಬಾರದೆಂದು ಅವನನ್ನು ಊರಿಗೇ ಬರಬೇಡವೆನ್ನುವ ಮನೆಗಳಿವೆ. ಹಾಗೆ ಮಾಡಬೇಡಿ, ಕರೆಯಿರಿ. ಅವನು ವಲಿಯಾಗಿ (ವಧುವಿನ ಪರವಾಗಿ ನಿಕಾಹ್ ಮಾಡಿಕೊಡುವವನಾಗಿ) ನಿಲ್ಲುವಂತಿಲ್ಲ. ಆ ಹೊಣೆಯನ್ನು ಮತ್ತೊಬ್ಬ ಹತ್ತಿರದ ಬಂಧು ಹೊರುತ್ತಾರೆ. ಪಂಕ್ತಿಯಲ್ಲಿ ನಿಂತು ನೆಂಟರಿಗೆ ಬಿರಿಯಾನಿ ಬಡಿಸಲು ಅಣ್ಣನಿಗೆ ಯಾವ ಅಡ್ಡಿಯೂ ಇಲ್ಲ.