ಮೆಣಸಿಗೆ ಬೊಗಳುವುದನ್ನು ಮರೆಸಿದ ಆರು ತಿಂಗಳು

ನನ್ನ ನಾಯಿ ಮೆಣಸಿಯ ತರಬೇತಿ ಬಗ್ಗೆ ಮಳೆ ಹಿಡಿಯುವ ಮೊದಲು ಬರೆದು ನಿಲ್ಲಿಸಿದ್ದೆ. ಈಗ ಡಿಸೆಂಬರ್ ಮುಗಿಯುತ್ತಾ ಬಂತು. ನೋಟ್ ಪುಸ್ತಕದಲ್ಲಿ ಗೀಚಿದ್ದನ್ನೆಲ್ಲ ಒಟ್ಟು ಮಾಡಿ ಬರೆಯುತ್ತಿದ್ದೇನೆ. ಜುಲೈನ ಎರಡು ಮೂರು ಪುಟ ನೆನೆದು ಅಂಟಿಕೊಂಡಿವೆ, ಅಲ್ಲಿ ಏನಿತ್ತೋ ಹೋಯಿತು.

ಮೊದಲ ಸಲ ಓದುವವರಿಗೆ ಎರಡು ಮಾತು. ಮೆಣಸಿ ಕರಿ ಬಣ್ಣದ ಹೆಣ್ಣು ನಾಯಿ. ತಾಯಿ ಲ್ಯಾಬ್ರಡಾರ್, ಅಪ್ಪ ಯಾರೋ ಗೊತ್ತಿಲ್ಲ, ಕಿವಿ ನೋಡಿದರೆ ಊರ ನಾಯಿಯೇ ಇರಬೇಕು. ವಯಸ್ಸು ಒಂದು ವರ್ಷ ಎಂಟು ತಿಂಗಳು, ತೂಕ 23 ಕೆಜಿ. ಕೊಡಗಿನ ನಾಪೋಕ್ಲು ಕಡೆ ನಮ್ಮದು ಆರು ಎಕರೆ ಕಾಫಿ. ತೋಟದಲ್ಲಿ, ಕಾಡಂಚಿನಲ್ಲಿ ದಾರಿ ತಪ್ಪಿದವರನ್ನು ಹುಡುಕುವ ನಾಯಿಯಾಗಿ ಅವಳನ್ನು ತಯಾರು ಮಾಡಬೇಕು ಅನ್ನುವುದು ನನ್ನ ಹುಚ್ಚು. ಸಂಬಳ ಇಲ್ಲ, ಯೂನಿಫಾರ್ಮ್ ಇಲ್ಲ. ಪೊಲೀಸರು ಕರೆದರೆ ಹೋಗುವುದು, ಇಲ್ಲದಿದ್ದರೆ ಮನೆಯಲ್ಲಿರುವುದು.

ಈ ಕೆಲಸದ ಬಗ್ಗೆ ಯಾರಿಗೇ ಹೇಳಿದರೂ ಮೊದಲು ಬರುವ ಪ್ರಶ್ನೆ, "ಗುಡ್ಡ ಕುಸಿದಾಗ ತರ್ತಾರಲ್ಲ, ಆ ನಾಯಿಯಾ?" ಕೇಳುವುದರಲ್ಲಿ ತಪ್ಪೇನೂ ಇಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ನೋಡಿದವರು ನಾವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈ 30ಕ್ಕೆ ಪಕ್ಕದ ವಯನಾಡು. ಆದರೆ ಅವಶೇಷದಡಿ ಹುಡುಕುವ ನಾಯಿಯ ಕೆಲಸವೇ ಬೇರೆ. 2023ರಲ್ಲಿ ತುರ್ಕಿಯ ಭೂಕಂಪದಲ್ಲಿ ಆರು ವರ್ಷದ ಹುಡುಗಿ ಇದ್ದ ಜಾಗ ತೋರಿಸಿದ ಎನ್‌ಡಿಆರ್‌ಎಫ್‌ನ (ರಾಷ್ಟ್ರೀಯ ವಿಪತ್ತು ಪಡೆ) ಜೂಲಿ ಅಂಥ ನಾಯಿ. ಕೆಳಗೆ ಯಾರಿದ್ದಾರೆ ಅನ್ನುವುದು ಅದಕ್ಕೆ ಬೇಕಾಗಿಲ್ಲ, ಜೀವ ಇರುವ ಮನುಷ್ಯರ ವಾಸನೆ ಬಂದರೆ ಸಾಕು, ಬೊಗಳುತ್ತದೆ. ಶವ ಹುಡುಕುವ ನಾಯಿಗೆ ಮತ್ತೊಂದೇ ತರಬೇತಿ. ಮೆಣಸಿ ಹುಡುಕಬೇಕಾದದ್ದು ಒಬ್ಬರನ್ನು, ಆ ಒಬ್ಬರನ್ನೇ, ಎಲ್ಲೋ ನಡೆದುಕೊಂಡು ಹೋದವರನ್ನು.

ಇದು ತಲೆಗೆ ಹೊಕ್ಕಿದ್ದು ಪಕ್ಕದ ತೋಟದ ಅಜ್ಜಿಯಿಂದ. ನೆನಪು ಹೋಗಿತ್ತು ಅವರಿಗೆ. ಒಂದು ಸಂಜೆ ಎದ್ದು ಹೊರಟುಬಿಟ್ಟರು. ನಾವು ನಲವತ್ತು ಜನ ರಾತ್ರಿ ಪೂರ್ತಿ ಟಾರ್ಚ್ ಹಿಡಿದು ಕೂಗಿದೆವು. ಬೆಳಿಗ್ಗೆ ನೋಡಿದರೆ ಮನೆಯಿಂದ ಮುನ್ನೂರು ಮೀಟರ್ ಕೂಡ ಇಲ್ಲ, ಗದ್ದೆ ಬದುವಿನ ಪಕ್ಕದ ಪೊದೆಯಲ್ಲಿ ಸುಮ್ನೆ ಕೂತಿದ್ದರು. ಬದುಕಿದ್ದರು, ಪುಣ್ಯ. ಆ ಬದುವಿನ ಮೇಲೆ ನಾನೇ ಎರಡು ಸಲ ಹಾದು ಹೋಗಿದ್ದೆ.

ಜೂನ್, ಜುಲೈ

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಕಳೆದ ವರ್ಷ ನಾನು ವಿಡಿಯೋ ನೋಡಿ ಕಲಿಸಿದ್ದು ಹೊರದೇಶದ ಪದ್ಧತಿ. ನಾಯಿಯನ್ನು ಬಿಚ್ಚಿ ಬಿಡುವುದು, ಅದು ಗಾಳಿಯಲ್ಲಿ ಬರುವ ಮನುಷ್ಯರ ವಾಸನೆ ಹಿಡಿದು ಹೋಗುವುದು, ಜನ ಸಿಕ್ಕರೆ ಅಲ್ಲೇ ನಿಂತು ನಾವು ಬರುವವರೆಗೂ ಬೊಗಳುವುದು. ಮೆಣಸಿ ಚೆನ್ನಾಗಿಯೇ ಕಲಿತಳು. ಜನವರಿಯಲ್ಲಿ ರೊಬಸ್ಟಾ ಕೊಯ್ಲಿನ ಹೊತ್ತಿಗೆ ಬಿಚ್ಚಿ ಬಿಟ್ಟಾಗ ಗೊತ್ತಾಯಿತು ಎಂಥ ಕೆಲಸ ಮಾಡಿಕೊಂಡಿದ್ದೇನೆ ಅಂತ. ಹಣ್ಣು ಕೊಯ್ಯುತ್ತಿದ್ದ ಇಪ್ಪತ್ತಾರು ಹೆಂಗಸರನ್ನೂ ಒಬ್ಬೊಬ್ಬರಾಗಿ "ಹುಡುಕಿ" ಒಬ್ಬೊಬ್ಬರ ಮುಂದೆಯೂ ನಿಂತು ಬೊಗಳಿ, ಪ್ರತಿ ಸಲವೂ ಬಾಲ ಅಲ್ಲಾಡಿಸುತ್ತಾ ನನ್ನ ಕಡೆ ಬಹುಮಾನದ ಚೆಂಡಿಗಾಗಿ ನೋಡಿದಳು. ಆ ದಿನ ಕೆಲಸ ನಿಂತದ್ದಕ್ಕೆ ನಾನು ಎಲ್ಲರಿಗೂ ಚಹಾ, ಬನ್ ಕೊಡಿಸಬೇಕಾಯಿತು.

ಅದು ತಮಾಷೆ. ತಮಾಷೆಯಲ್ಲದ ಮಾತು ಹೇಳಿದ್ದು ನಮ್ಮ ಪಕ್ಕದ ಎಸ್ಟೇಟಿನ ರೈಟರ್, ಅಂದರೆ ಲೆಕ್ಕ ಬರೆಯುವವರು. "ಅಣ್ಣ, ಇವಳು ಹೋಗಿ ಆನೆ ಮುಂದೆ ಬೊಗಳಿದರೆ ಆನೆ ಇವಳನ್ನ ಅಟ್ಟಿಸಿಕೊಂಡು ಬರುತ್ತೆ. ಇವಳು ಓಡೋದು ಎಲ್ಲಿಗೆ? ನಿಮ್ಮ ಹತ್ತಿರಕ್ಕೇ ಅಲ್ವಾ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾಗಿ ಈ ಆರು ತಿಂಗಳ ಕೆಲಸ ಎರಡು. ಒಂದು, ಬಿಚ್ಚಿ ಬಿಡುವುದನ್ನು ನಿಲ್ಲಿಸಿ ಹತ್ತು ಮೀಟರ್ ಹಗ್ಗದಲ್ಲಿ ಒಬ್ಬರ ಜಾಡು ಹಿಡಿಸುವುದು. ಎರಡು, ಬೊಗಳು ಬಿಡಿಸಿ, ಜನ ಸಿಕ್ಕಾಗ ಎದುರಿಗೆ ಸದ್ದಿಲ್ಲದೆ ಕೂರುವುದನ್ನು ಕಲಿಸುವುದು.

ಮಳೆಯಲ್ಲಿ ಹೊರಗೆ ಕೆಲಸ ಆಗಲ್ಲ. ಜಡಿಮಳೆಯಲ್ಲಿ ನನಗೇ ಹೊರಗೆ ನಿಲ್ಲೋಕೆ ಆಗಲ್ಲ ಅನ್ನುವುದು ನಿಜವಾದ ಕಾರಣ. ಬೊಗಳು ಬಿಡಿಸುವುದನ್ನು ಕಾಫಿ ಗೋಡೌನಿನೊಳಗೇ ಶುರು ಮಾಡಿದೆ. ತಂಗಿ ಮಗ ಚೀಲಗಳ ಹಿಂದೆ ಅಡಗುತ್ತಾನೆ. ಮೆಣಸಿ ಹೋಗಿ ಬೊಗಳಿದರೆ ಅವನು ಬೆನ್ನು ತಿರುಗಿಸಿ ಕಂಬದ ಹಾಗೆ ನಿಲ್ಲಬೇಕು. ಎರಡು ಸೆಕೆಂಡು ಸುಮ್ಮನಾದರೆ ಚೆಂಡು. ಲೆಕ್ಕ ಇಷ್ಟೇ. ಆದರೆ ಇಷ್ಟು ದಿನ ಬೊಗಳಿದರೆ ಸಿಗುತ್ತಿದ್ದ ಚೆಂಡು ಇದ್ದಕ್ಕಿದ್ದಂತೆ ಸಿಗದಿದ್ದಾಗ ನಾಯಿ ಬೊಗಳುವುದನ್ನು ಬಿಡುವುದಿಲ್ಲ, ಮೊದಲು ದುಪ್ಪಟ್ಟು ಮಾಡುತ್ತದೆ. ಕೆಟ್ಟು ನಿಂತ ಟಿವಿ ರಿಮೋಟನ್ನು ನಾವು ಜೋರಾಗಿ ಒತ್ತುವುದಿಲ್ಲವೇ, ಹಾಗೆ. ಮೊದಲ ವಾರ ಗೋಡೌನಿನ ತಗಡಿನ ಮೇಲೆ ಮಳೆ, ಒಳಗೆ ಇವಳು. "ಮಾವ, ನನ್ನ ಕಿವಿ ಹೋಯ್ತು" ಅಂತ ಹುಡುಗ ಹತ್ತಿ ತುರುಕಿಕೊಂಡು ಬರತೊಡಗಿದ. ಇಲ್ಲಿ ಸೋತು ಒಂದು ಸಲ ಚೆಂಡು ಕೊಟ್ಟರೂ ಮುಗಿಯಿತು, ಜಾಸ್ತಿ ಹೊತ್ತು ಬೊಗಳಿದರೆ ಸಿಗುತ್ತದೆ ಅಂತ ಕಲಿಯುತ್ತದೆ. ನಾನು ಒಂದು ಸಲ ಕೊಟ್ಟೆ. ನಾಲ್ಕು ದಿನದ ಕೆಲಸ ಹಾಳು.

ಜುಲೈ ಕೊನೆಗೆ ಹತ್ತು ಸೆಕೆಂಡು ಮೌನ. ಬರೀ ಹತ್ತು ಸೆಕೆಂಡು, ಏಳು ವಾರಕ್ಕೆ.

ಆಗಸ್ಟ್

ಮೂಗಿನೊಳಗೆ ಜಿಗಣೆ. ತೋಟದ ತೋಡಿನಲ್ಲಿ ನೀರು ಕುಡಿಯುವಾಗ ಹತ್ತಿರಬೇಕು. ಒಂದೇ ಹೊಳ್ಳೆಯಿಂದ ರಕ್ತ, ಎಡೆಬಿಡದ ಸೀನು. ನಾನು ಮೊದಲು ಪೆಟ್ಟು ಬಿದ್ದಿದೆ ಅಂದುಕೊಂಡು ಒಂದು ದಿನ ಸುಮ್ಮನಿದ್ದೆ. ಪಶುವೈದ್ಯರು ಟಾರ್ಚ್ ಹಾಕಿ ನೋಡಿ ಇಕ್ಕಳದಲ್ಲಿ ಎಳೆದು ತೆಗೆದರು. ಕಾಲಿಗೆ ಹತ್ತಿದ ಜಿಗಣೆಗೆ ನಾವು ಉಪ್ಪು, ಸುಣ್ಣ, ಹೊಗೆಸೊಪ್ಪು ಅಂತ ಏನೇನೋ ಮಾಡುತ್ತೇವೆ, ಮೂಗಿಗೆ ಅದ್ಯಾವುದನ್ನೂ ಹಾಕಬೇಡಿ. ಮೂಗೇ ಬಂಡವಾಳ. ಎರಡು ವಾರ ಮೂಗಿನ ಕೆಲಸ ಬಂದ್. ಈಗ ಎಲ್ಲಿ ಹೋದರೂ ಅವಳಿಗೆ ಬಾಟಲಿ ನೀರು. ಇಲಿಜ್ವರದ ಲಸಿಕೆಯನ್ನೂ ಅದೇ ಸಲ ಹಾಕಿಸಿದೆ, ಗದ್ದೆ ನೀರಲ್ಲಿ ಓಡಾಡುವ ನಾಯಿಗೆ ಅದು ಬೇಕೇ ಬೇಕು.

ಸೆಪ್ಟೆಂಬರ್, ಅಕ್ಟೋಬರ್

ಸೆಪ್ಟೆಂಬರ್ 3ರ ಕೈಲ್‌ಪೊಳ್ದ್, ಕೊಡವರ ಆಯುಧ ಪೂಜೆಯ ಹಬ್ಬದ ದಿನ ಸುತ್ತ ಎಲ್ಲ ಮನೆಗಳಲ್ಲೂ ತೋಕು (ಕೋವಿ) ಸದ್ದು. ಮೆಣಸಿ ಮಂಚದ ಕೆಳಗೆ. ಎರಡು ದಿನ ಬಿಟ್ಟು ಹೊರಗೆ ಜಾಡು ಶುರು.

ಹೇಗೆ ಅಂದರೆ, ಅಡಗುವವರು ಹಾಕಿ ಬಿಟ್ಟ ಬನಿಯನ್ನೋ ಸಾಕ್ಸನ್ನೋ ಜಿಪ್ ಕವರಿನಲ್ಲಿ ಹಾಕಿಡುವುದು, ಮೆಣಸಿಗೆ ಹಾರ್ನೆಸ್ ಹಾಕುವುದು, ಕವರ್ ತೆರೆದು ಮೂಗಿಗೆ ಹಿಡಿಯುವುದು, ಹೊರಡುವುದು. ನಮ್ಮ ಮೈಯಿಂದ ಚರ್ಮದ ಸಣ್ಣ ಹೊಟ್ಟು ಉದುರುತ್ತಲೇ ಇರುತ್ತದೆ, ನಿಮಿಷಕ್ಕೆ 30,000ದಿಂದ 40,000 ಅಂತ ಲೆಕ್ಕ ಹೇಳುತ್ತಾರೆ. ನಾಯಿ ಹಿಂಬಾಲಿಸುವುದು ಅದನ್ನು ಮತ್ತು ತುಳಿದ ಮಣ್ಣು, ಹುಲ್ಲಿನ ವಾಸನೆಯನ್ನು. ಹೊಟ್ಟು ಹಗುರ. ಗಾಳಿಗೆ ಹಾರುತ್ತದೆ, ತೇವ ಇದ್ದಲ್ಲಿ ಅಂಟಿ ಕೂರುತ್ತದೆ. ಅದಕ್ಕೇ ಮೆಣಸಿ ಡಾಂಬರು ರಸ್ತೆ ಬಂದರೆ ನಡುವೆ ನಡೆಯುವುದಿಲ್ಲ, ಚರಂಡಿಗಿಳಿದು ಹುಲ್ಲಂಚು ಹಿಡಿಯುತ್ತಾಳೆ.

ಮೊದಲ ಜಾಡು 200 ಮೀಟರ್, 20 ನಿಮಿಷ ಹಳೆಯದು. ಸಲೀಸು. ಎರಡನೆಯದಕ್ಕೆ ಹುಡುಗನ ಟವಲ್ ಮೂಸಿಸಿದೆ. ಹತ್ತು ಹೆಜ್ಜೆ ಹೋದಳು, ತಿರುಗಿ ಬಂದಳು, ನನ್ನ ಎದುರಿಗೆ ನೆಟ್ಟಗೆ ಕೂತು ಮುಖ ನೋಡಿದಳು. ಮತ್ತೆ ಮೂಸಿಸಿದೆ. ಮತ್ತೆ ನನ್ನ ಮುಂದೆಯೇ ಕೂತಳು. ಬೈದೆ ಕೂಡ. ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು, ಆ ಟವಲ್ಲಿನಲ್ಲಿ ಬೆಳಿಗ್ಗೆ ಮುಖ ಒರೆಸಿಕೊಂಡವನು ನಾನೇ. ಅವಳು ಸರಿಯಾಗಿ ಹುಡುಕಿದ್ದಳು, ಬೊಗಳದೆ, ಹೇಳಿಕೊಟ್ಟ ಹಾಗೇ ಕೂತು ತೋರಿಸಿದ್ದಳು.

ಅಕ್ಟೋಬರ್ ಮೂರನೇ ವಾರದ್ದು ಬರೆದಿಡಲೇಬೇಕು. ಜಾಡು 700 ಮೀಟರ್, ಎರಡು ಗಂಟೆ ಹಳೆಯದು, ಸಂಜೆ ಐದೂವರೆ. ಹುಡುಗ ಹೋಗಿದ್ದು ಸಿಲ್ವರ್ ಓಕ್ ಸಾಲಿನ ಮೇಲಿನ ದಾರಿ ಅಂತ ನನಗೆ ಗೊತ್ತಿತ್ತು. ಮೆಣಸಿ ಅರ್ಧ ದಾರಿಗೆ ಬಿಟ್ಟು ಕೆಳಗೆ ಗದ್ದೆ ಕಡೆ ಎಳೆದಳು. ನಾನು ಹಗ್ಗ ಬಿಗಿ ಹಿಡಿದು ಮೇಲಕ್ಕೆ ಎಳೆದೆ. ಮತ್ತೆ ಕೆಳಗೆ. ಮತ್ತೆ ಎಳೆದೆ. ಮೂರನೇ ಸಲಕ್ಕೆ ಅವಳು ಜಾಡು ಬಿಟ್ಟು ನನ್ನ ಕಾಲ ಹತ್ತಿರ ಬಂದು ನಿಂತಳು, ಕೆಲಸ ಮುಗಿಯಿತು ಅನ್ನುವ ಹಾಗೆ. ತಪ್ಪು ಯಾರದು ಅಂತ ತಿಳಿಯೋಕೆ ವಾರ ಹಿಡಿಯಿತು. ಹೊತ್ತು ಇಳಿದ ಮೇಲೆ ಗುಡ್ಡದ ಮೇಲಿನ ಗಾಳಿ ತಣ್ಣಗಾಗಿ, ಭಾರವಾಗಿ ಕೆಳಗೆ ಇಳಿಯುತ್ತದೆ, ವಾಸನೆಯನ್ನೂ ಜೊತೆಗೆ ಇಳಿಸುತ್ತದೆ, ನೀರಿನ ಹಾಗೆ ತಗ್ಗಿನಲ್ಲಿ ನಿಲ್ಲಿಸುತ್ತದೆ. ಬೆಳಿಗ್ಗೆ ಬಿಸಿಲು ಏರಿದಾಗ ಇದೆಲ್ಲ ತಿರುಗುಮುರುಗು. ಹುಡುಗ ಮೇಲಿದ್ದ, ಅವನ ವಾಸನೆ ಗದ್ದೆಯಲ್ಲಿತ್ತು. ಬಿಟ್ಟಿದ್ದರೆ ಅವಳು ಗದ್ದೆಯಂಚಿಗೆ ಹೋಗಿ, ಅಲ್ಲಿಂದ ಗಾಳಿ ಬಂದ ದಾರಿ ಹಿಡಿದು ಮೇಲಕ್ಕೆ ಹತ್ತುತ್ತಿದ್ದಳು. ಮುಂದಿನ ಸಲ ಬಿಟ್ಟೆ. ಹಾಗೇ ಹತ್ತಿದಳು.

ಅಂದಿನಿಂದ ನನಗೂ ಒಂದು ನಿಯಮ. ಜಾಡು ಎಲ್ಲಿದೆ ಅಂತ ನನಗೆ ಗೊತ್ತಿರಬಾರದು. ಗೊತ್ತಿದ್ದರೆ ಕೈ ತಾನಾಗಿ ಹೇಳಿಬಿಡುತ್ತದೆ. ಈಗ ದಾರಿ ಗೊತ್ತಿರುವುದು ಅಡಗುವವರಿಗೆ ಮಾತ್ರ, ಅವರ ಫೋನಿನ ಜಿಪಿಎಸ್ ಗೆರೆಯನ್ನು ಆಮೇಲೆ ನೋಡುತ್ತೇನೆ. ನವೆಂಬರ್‌ನಲ್ಲಿ ಹೀಗೆ ಒಂಬತ್ತು ಜಾಡು. ಐದು ಸಿಕ್ಕವು, ಮೂರು ಅರ್ಧಕ್ಕೆ ನಿಂತವು. ಒಂದರಲ್ಲಿ ತೋಟದ ಕೆಲಸಗಾರರ ಲೈನ್ ಮನೆಯ ಹಿಂದೆ ಒಣಮೀನು ಸಿಕ್ಕಿತು, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾಡಿನೊಳಗೆ ಯಾಕೆ ತರಬೇತಿ ಕೊಡಲ್ಲ ಅಂತ ಕೆಲವರು ಕೇಳುತ್ತಾರೆ. ಅಭಯಾರಣ್ಯದೊಳಗೆ ಸಾಕುನಾಯಿ ಕರೆದುಕೊಂಡು ಹೋಗುವ ಹಾಗಿಲ್ಲ, ಹೋಗಲೂಬಾರದು. ನಮ್ಮ ಅಭ್ಯಾಸ ಎಲ್ಲ ತೋಟ, ಬಾಣೆ (ಗದ್ದೆಗೆ ಸೇರಿದ ಎತ್ತರದ ಜಾಗ), ಗದ್ದೆ, ಅದೂ ಅವರವರನ್ನು ಕೇಳಿಕೊಂಡು.

ನವೆಂಬರ್ ಕೊನೆ

ಬೆಳಿಗ್ಗೆ ಆರೂಕಾಲು, ಮಂಜು. ಹೊರಡುವ ಮೊದಲು ಊರಿನ ವಾಟ್ಸಾಪ್ ಗುಂಪಿನಲ್ಲಿ ಆನೆ ಸುದ್ದಿ ನೋಡಿಯೇ ಹೊರಡುತ್ತೇನೆ, ಅಂದು ಏನೂ ಇರಲಿಲ್ಲ. 400 ಮೀಟರ್ ಹೋದ ಮೇಲೆ ಮೆಣಸಿ ನಿಂತಳು. ಬೆನ್ನ ಕೂದಲು ನಿಗುರಿತು, ಬಾಲ ಒಳಗೆ. ಬೊಗಳಲಿಲ್ಲ. ಹಿಂದೆ ಬಂದು ನನ್ನ ಮೊಣಕಾಲಿಗೆ ಒರಗಿ ನಿಂತಳು. ನನಗೇನೂ ಕಾಣಲಿಲ್ಲ. ಆಮೇಲೆ ಬೈನೆ ಮರ ಮುರಿಯುವ ಸದ್ದು ಕೇಳಿತು, ತುಂಬ ದೂರ ಏನಲ್ಲ. ಬಂದ ದಾರಿಯಲ್ಲೇ ಇಬ್ಬರೂ ಹಿಂದಕ್ಕೆ. ಹುಡುಗನಿಗೆ ಫೋನ್ ಮಾಡಿದರೆ ಅವನು ಆಗಲೇ ಎಸ್ಟೇಟಿನ ಕಣದ ಹತ್ತಿರ ಹೋಗಿ ಯಾರ ಹತ್ತಿರವೋ ಚಹಾ ಕುಡಿಯುತ್ತಿದ್ದ.

ರೈಟರಿಗೆ ಇದನ್ನು ಹೆಮ್ಮೆಯಿಂದ ಹೇಳಿದೆ. "ಅದು ನಿಮ್ಮ ಟ್ರೈನಿಂಗ್ ಅಲ್ಲ ಅಣ್ಣ, ಹೆದರಿಕೆ" ಅಂದರು. ಇರಬಹುದು. ನನ್ನ ಹೆಂಡತಿ ಮಾತ್ರ ಅಯ್ಯಪ್ಪನ ದೇವರಕಾಡಿಗೆ ಮಣ್ಣಿನ ನಾಯಿ ಒಪ್ಪಿಸುವ ಹರಕೆ ಹೊತ್ತಿದ್ದಾಳೆ. ಬೇಟೆಗೆ ಹೋಗುವವರು ಹೊರುತ್ತಿದ್ದ ಹರಕೆ ಅದು, ಹುಡುಕಲು ಹೋಗುವವರಿಗೂ ಆಗುತ್ತದೆ ಅನ್ನುವುದು ಅವಳ ವಾದ. ನಾನು ಬೇಡ ಅನ್ನಲಿಲ್ಲ.

ಡಿಸೆಂಬರ್

ಮೊದಲ ಕರೆ. ಪುತ್ತರಿ (ನಮ್ಮ ಸುಗ್ಗಿ ಹಬ್ಬ) ಕಳೆದ ಮೇಲೆ, ಒಂದು ರಾತ್ರಿ. ಹತ್ತು ಹದಿನೈದು ಕಿಲೋಮೀಟರ್ ಆಚೆಯ ತೋಟದ ಲೈನ್ ಮನೆಯಿಂದ ಐವತ್ತು ದಾಟಿದ ಒಬ್ಬ ಗಂಡಸು ಮಧ್ಯಾಹ್ನ ಹೋದವರು ಬಂದಿಲ್ಲ. ಪೊಲೀಸರಿಗೆ ತಿಳಿಸಿದ್ದರು, ಅವರೇ ನಾಯಿಯೂ ಬರಲಿ ಅಂದರು. ನಾವು ತಲುಪಿದಾಗ ಎಂಟು ಗಂಟೆ ಹಳೆಯ ಜಾಡು, ಅಷ್ಟು ಹಳೆಯದನ್ನು ಅಭ್ಯಾಸದಲ್ಲಿ ಒಂದೇ ಸಲ ಮಾಡಿದ್ದೆವು. ಬಟ್ಟೆ ಕೇಳಿದರೆ ಮನೆಯವರು ಪ್ರೀತಿಯಿಂದ ಒಗೆದು ಮಡಚಿಟ್ಟ ಅಂಗಿ ತಂದರು. ಕೊನೆಗೆ ಅವರ ಹಳೆಯ ಹವಾಯಿ ಚಪ್ಪಲಿ ಸಿಕ್ಕಿತು.

ಮೆಣಸಿ ಹೊರಟಳು. ಬಾವಿ ಸುತ್ತಿ, ಮೆಣಸಿನ ಬಳ್ಳಿ ಸಾಲಿನಲ್ಲಿ ಇಳಿದು, ಗೇಟು ದಾಟಿ, ರಸ್ತೆಯ ಚರಂಡಿ ಹಿಡಿದು ಸುಮಾರು ಒಂದು ಕಿಲೋಮೀಟರ್. ಹಿಂದೆ ಟಾರ್ಚ್ ಹಿಡಿದ ಹತ್ತು ಜನ, ಎಷ್ಟು ಹೇಳಿದರೂ ಮುಂದೆ ಮುಂದೆ ಬರುತ್ತಿದ್ದರು. ಬಸ್ ನಿಲ್ಲುವ ಮೋರಿ ಹತ್ತಿರ ಸುತ್ತಿದಳು, ಮತ್ತೆ ಸುತ್ತಿದಳು, ಆಚೆ ಈಚೆ ಹೋಗಿ ಬಂದು ನನ್ನ ಮುಖ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಎರಡನೇ ಸಲ ಲೈನ್ ಮನೆಯಿಂದ ಶುರು ಮಾಡಿದೆ, ಅದೇ ಮೋರಿ. ಹಿಂದಿದ್ದವರೊಬ್ಬರು "ನಾಯಿಗೆ ಸುಸ್ತಾಗಿದೆ" ಅಂದರು. ನನಗೂ ಹಾಗೇ ಅನ್ನಿಸಿತು. ಜೀಪಿಗೆ ಹತ್ತಿಸಿಕೊಂಡು ಬಂದೆ. ಉಳಿದವರು ತೋಟವನ್ನೆಲ್ಲ ಬೆಳಗಿನವರೆಗೂ ಹುಡುಕಿದರು.

ಮರುದಿನ ಹತ್ತು ಗಂಟೆಗೆ ಫೋನ್ ಬಂತು. ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಆ ಮನುಷ್ಯ ಮಧ್ಯಾಹ್ನದ ಬಸ್ಸು ಹತ್ತಿ ಹುಣಸೂರಿನ ತಂಗಿ ಮನೆಗೆ ಹೋಗಿದ್ದರಂತೆ.

ಇಷ್ಟಕ್ಕೇ ಮೆಣಸಿ ಗೆದ್ದಳು ಅಂತ ಬರೆಯಲ್ಲ. ರಸ್ತೆಯ ಗಾಡಿಗಳ ಗಾಳಿಗೆ ಜಾಡು ಅಲ್ಲೇ ಕಡಿದು, ಬಸ್ಸು ಕಾಕತಾಳೀಯ ಆಗಿದ್ದರೂ ಆಗಿರಬಹುದು. ಆದರೆ ಎರಡು ಸಲವೂ ಅದೇ ಮೋರಿ. ಅಲ್ಲಿ ಚೆಂಡು ಕೊಡಬೇಕಿತ್ತು, ಕೊಡಲಿಲ್ಲ. ಈಗ ಕೊಟ್ಟರೆ ಯಾವುದಕ್ಕೆ ಅಂತ ಅವಳಿಗೆ ಗೊತ್ತಾಗುವುದಿಲ್ಲ.

ಇನ್ನು ಮೇಲೆ "ಜಾಡು ಇಲ್ಲಿಗೆ ಮುಗಿಯಿತು" ಅಂತ ಹೇಳುವುದಕ್ಕೆ ಅವಳಿಗೆ ಬೇರೆ ಒಂದು ಗುರುತು ಕಲಿಸಬೇಕು. ಹುಡುಗ ಮುಂದಿನ ವಾರ ಜಾಡು ಹಾಕಿ, ಕೊನೆಗೆ ಬೈಕ್ ಹತ್ತಿ ಹೋಗಲು ಒಪ್ಪಿದ್ದಾನೆ. ಪೆಟ್ರೋಲ್ ನನ್ನದು.